ಹಿತ್ತಲಿನ ಇರುವೆಗಳು

ಯಜಮಾನರಿಗೆ,

ಕ್ಲೋಸ್‌ಪೇಟೆಯಲ್ಲಿ ನೀವು ಕಟ್ಟಿಕೊಂಡಿದ್ದ ಚನ್ನಾಜಮ್ಮ ಇವತ್ತು ಗುಡೇಮಾರನಹಳ್ಳಿಗೆ, ನನ್ನ ಜಗುಲಿಗೇ ಬಂದಿದ್ದಳು. ನೀವು ತೀರಿಹೋಗಿ ವರ್ಷವಾದರೂ ಅವಳ ಮುಖದ ಕಳೆ ಹಾಗೇ ಇದೆ. ನೋಡಿ ಮೈಯೆಲ್ಲ ಉರಿಯಿತು. ಕುಡಿಯಲು ನೀರೂ ಕೊಡಲಿಲ್ಲ.

"ಸಿಹಿಮೂತ್ರದೋರಿಗೆ ಒಬ್ಬಟ್ಟು ತಿನ್ನಿಸಿ ತಿನ್ನಿಸಿ ಕೊಂದ್ಬುಟ್ಟಲ್ಲೇ!" ಅಂದೆ. ರೇಷ್ಮೆಗೂಡು ಮಾರಲು ಹೋಗಿ, ನಾಲ್ಕು ದಿನ ಅವಳ ಮನೆಯಲ್ಲಿದ್ದು ನೀವು ಬಂದಾಗಲೆಲ್ಲ, ಹಿತ್ತಲಲ್ಲಿ ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುತ್ತಿತ್ತು. ನಾನೇ ಹೋಗಿ ಬಗ್ಗಿ ನೋಡುತ್ತಿದ್ದೆ. ಬೇರೆ ಸಾಕ್ಷಿ ಏಕೆ ಬೇಕು?

ಅವಳು ತಲೆ ಎತ್ತಲಿಲ್ಲ. "ಇಲ್ಲ ಕಣಕ್ಕಾ. ಮುದ್ದೆ ಉಂಡ್ರೂ ಹೊಟ್ಟೆ ಒಳಗೆ ಅದು ಸಕ್ರೆನೇ ಆಯ್ತದೆ ಅಂತ ಡಾಕ್ಟ್ರು ಹೇಳಿದ್ರು. ಅದಕ್ಕೇ ಅರ್ಧ ಮುದ್ದೆ, ಒಸಿ ಸೊಪ್ಪು, ಅಷ್ಟೇ ಇಕ್ತಿದ್ದೆ. ಬೆಲ್ಲ ಕಣ್ಣಿಗೂ ತೋರಿಸ್ಲಿಲ್ಲ. ಹಸಿವು ಅಂತ ನನ್ ಮೇಲೆ ರೇಗೋರು."

ಅವಳ ಮೇಲೆ ರೇಗುತ್ತಿದ್ದಿರಂತೆ! ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮೇಲೆ ನೀವು ಒಂದು ದಿನವೂ ರೇಗಲಿಲ್ಲ. ನಾನು ಇಕ್ಕಿದ್ದನ್ನೆಲ್ಲ ನಗುನಗುತ್ತ ಉಣ್ಣುತ್ತಿದ್ದಿರಿ.

ನಾನು ಏನು ಇಕ್ಕುತ್ತಿದ್ದೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳ ಒಬ್ಬಟ್ಟಿನ ರುಚಿ ನಿಮ್ಮ ನಾಲಿಗೆಯಿಂದ ಹೋಗಲಿ ಎಂದು, ನೀವು ಬಂದ ಸಂಜೆಯೇ ಕಾಯಿಬೆಲ್ಲ ತುಂಬಿ ಕಡುಬು ಬೇಯಿಸುತ್ತಿದ್ದೆನಲ್ಲ.

ಇರುವೆ ಬರುತ್ತಿದ್ದದ್ದು ಮಾರನೆಯ ಬೆಳಗ್ಗೆ.