ಗೌರವ್ವನ ಲಿಂಬಿ ತೋಟದ ವರದಿ

೧೪ ನವೆಂಬರ್, ಶುಕ್ರವಾರ. ಟಿಳಕವಾಡಿ.

ಸಿಟ್ಟು ಇನ್ನೂ ಇಳಿದಿಲ್ಲ. ತೋಟಗಾರಿಕೆ ಕಚೇರಿಯ ನಮ್ಮ ಸಾಹೇಬರ ಹುಕುಂ: ನನ್ನ ವರದಿಯಲ್ಲಿ "ವೈರಸ್ ರೋಗ" ಅನ್ನುವುದನ್ನು ಹೊಡೆದುಹಾಕಿ "ಮಣ್ಣಿನಲ್ಲಿ ಸತುವಿನ ಕೊರತೆ" ಅಂತ ಬರೆಯಬೇಕಂತೆ. ಗುಂಜಿಯ ರೈತರಿಗೆ ಆ ಲಿಂಬಿ ಸಸಿ ಕೊಡಿಸಿದವರು ಅವರೇ ಅಲ್ಲವೇ! ನಾನು ಇಪ್ಪತ್ತು ಗಿಡಗಳ ಎಲೆ ಪರೀಕ್ಷೆ ಮಾಡಿದ್ದೇನೆ. ಹದಿನೇಳರಲ್ಲಿ ವೈರಸ್ ಇದೆ. ಸಸಿ ಬಂದ ನರ್ಸರಿಯ ತಾಯಿಗಿಡದಲ್ಲೂ ಇದೆ.

ಮಧ್ಯಾಹ್ನ ಗುಂಜಿಗೆ ಹೋಗಿ ತೋಟದೊಡತಿ ಗೌರವ್ವನಿಗೆ ಎಲ್ಲ ಹೇಳಿದೆ.

"ಖರೇ ಹೇಳವಾ, ಗಿಡ ಉಳಿತಾವೇನು?"

"ಇಲ್ರೀ ಕಾಕೂ. ಇದಕ್ಕ ಔಷಧ ಇಲ್ಲ. ಕಡೀಬೇಕು, ಇಲ್ಲಂದ್ರ ಬಾಜೂ ತೋಟಕ್ಕೂ ಹಬ್ಬತೈತಿ."

ಆಕೆ ಹತ್ತಿರದ ಗಿಡದ ಎಲೆಯೊಂದನ್ನು ಕಿತ್ತು ನೋಡಿದಳು. "ನೀ ಸರಿಯಾಗಿ ನೀರು ಹಾಯಿಸಿಲ್ಲ ಅಂತ ಸಾಹೇಬ್ರು ಊರ ಮುಂದ ಬೈದಿದ್ರು. ಹಂಗಾರ ತಪ್ಪು ನಂದಲ್ಲ?"

"ನಿಮ್ದಲ್ರೀ."

"ಅದನ್ನ ಕಾಗದದಾಗ ಬರಿ."

ಬರೆದೆ. ವರದಿಯ ಒಂದಕ್ಷರವನ್ನೂ ತೆಗೆಯದೆ, "ರೈತರ ಆರೈಕೆಯಲ್ಲಿ ಯಾವ ತಪ್ಪೂ ಇಲ್ಲ" ಎಂಬ ಸಾಲು ಸೇರಿಸಿ, ಸಂಜೆ ನೇರ ಮೇಲಿನ ಕಚೇರಿಗೆ ಕಳಿಸಿದೆ. ಸಾಹೇಬರು ಫೋನ್ ಮಾಡಿ ಕೂಗಾಡಿದರು. "ಹೌದ್ರೀ ಸರ್, ಕಳಿಸೀನಿ" ಅಂದು ಇಟ್ಟೆ. ನನ್ನದು ಗುತ್ತಿಗೆ ಕೆಲಸ. ಬೇಕಾದರೆ ತೆಗೆಯಲಿ.

ಅದೇ ನರ್ಸರಿಯ ಸಸಿಗಳು ಹಲಸಿ ಊರಿಗೂ ಹೋಗಿವೆ. ನನ್ನನ್ನು ಕೆಲಸದಿಂದ ತೆಗೆಯುವುದರೊಳಗೆ ಅಲ್ಲಿಯ ಎಲೆಗಳನ್ನೂ ಪರೀಕ್ಷೆಗೆ ತರಬೇಕು. ನಾಳೆ ಮೊದಲ ಬಸ್ಸಿಗೇ ಹೊರಡುತ್ತೇನೆ.