ಶಟರಿಗೆ ಹೊಸ್ತಿಲಿಲ್ಲ

ಬಾಗಲಕೋಟೆ
ಕಾರಹುಣ್ಣಿಮೆಯ ಮರುದಿನ, ಇಸವಿ ೨೧೪೦

ಪ್ರೀತಿಯ ಶಿವಲೀಲಾ ಅಜ್ಜಿಗೆ,

ನನ್ನ ಮದುವೆಯಾಯಿತು ಅಜ್ಜಿ, ನಿಜವಾಗಿಯೂ ಆಗಿಹೋಯಿತು, ಹುಡುಗನ ಹೆಸರು ಗುರುಪಾದ, ನಕ್ಕರೆ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ! ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ, ಅದು ಕೈತಪ್ಪಿ ಬರೆದದ್ದಲ್ಲ. ನಾನು ಗೌರಾ, ನಿಮ್ಮ ಮೊಮ್ಮಗಳ ಮೊಮ್ಮಗಳು. ನಿಮ್ಮ ಪಕ್ಕದಲ್ಲಿ ಈಗ ಬಾಯಿಗೆ ಬೆರಳಿಟ್ಟುಕೊಂಡು ಮಲಗಿರುವ ಪುಟ್ಟ ಮಗಳಿದ್ದಾಳಲ್ಲ, ಅವಳಿಂದಲೇ ನಮ್ಮ ಸಾಲು ಮುಂದೆ ಬಂದಿದೆ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡಾವು, ಕೆಲವು ನನಗೇ ಹಾಗೆ ಕಾಣುತ್ತಿವೆ. ಕ್ಷಮಿಸಿ. ಅಜ್ಜಿ ಎಂದು ಕರೆದದ್ದಕ್ಕೂ ಕ್ಷಮಿಸಿ. ಈ ಪತ್ರ ನಿಮ್ಮ ಕೈ ಸೇರುವಾಗ ನಿಮಗೆ ಮೂವತ್ತನಾಲ್ಕು, ನನಗೆ ಇಪ್ಪತ್ತನಾಲ್ಕು. ದಾರಿಯಲ್ಲಿ ಎದುರಾಗಿದ್ದರೆ ಅಕ್ಕಾ ಎಂದೇ ಮಾತಾಡಿಸುತ್ತಿದ್ದೆ.

ನಮ್ಮ ಕಾಲದಲ್ಲಿ ಹಿಂದಂಚೆ ಎಂಬುದೊಂದಿದೆ. ಹೊಸದಾಗಿ ಮದುವೆಯಾದ ಜೋಡಿಗೆ ತಮ್ಮ ವಂಶದ ಒಬ್ಬರಿಗೆ, ಹಿಂದಿನ ಕಾಲಕ್ಕೆ, ಒಂದೇ ಒಂದು ಪತ್ರ ಕಳಿಸುವ ಅವಕಾಶ. ಹೆಚ್ಚಿನವರು ಆಶೀರ್ವಾದ ಬೇಡುತ್ತಾರೆ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಮರೆತುಹೋದ ಚಟ್ನಿಪುಡಿಯ ಹದ ಕೇಳುವವರಿದ್ದಾರೆ. ಎರಡು ವಿಷಯ ಬರೆಯುವಂತಿಲ್ಲ: ಓದುವವರು ಸಾಯುವ ದಿನ, ಮತ್ತು ಮುಂದೆ ಯಾವ ಜಾಗಕ್ಕೆ ಬೆಲೆ ಬರುತ್ತದೆ ಎಂಬುದು. ಎರಡನೆಯದನ್ನು ಓದಿದಾಗ ನಿಮ್ಮ ನೆನಪಾಗಿ ಜೋರಾಗಿ ನಕ್ಕುಬಿಟ್ಟೆ. ನೀವು ಹುಬ್ಬಳ್ಳಿಯಲ್ಲಿ ಅಂಗಡಿ, ಆಫೀಸು, ಗೋದಾಮುಗಳಿಗೆ ಜಾಗ ಕೊಡಿಸುವ ಏಜೆಂಟಲ್ಲವೇ! ಗುರುಪಾದನಿಗೂ ತನ್ನ ಮುತ್ತಜ್ಜನಿಗೆ ಬರೆಯುವ ಆಸೆಯಿತ್ತು. ಆದರೆ ನನ್ನ ಮುಖ ನೋಡಿ, "ನೀನ ಬರಿ. ನಿನ್ನ ಹೊಟ್ಟೆಕಿಚ್ಚು ನನ್ನ ಆಸೆಗಿಂತ ದೊಡ್ಡದೈತಿ" ಎಂದು ಬಿಟ್ಟುಕೊಟ್ಟ.

ಹೌದು, ಹೊಟ್ಟೆಕಿಚ್ಚು. ಮದುವೆಯಾಗಿ ಇನ್ನೂ ಕೈಯ ಮೆಹೆಂದಿ ಮಾಸಿಲ್ಲ, ಗಂಡ ಬಾಗಿಲಲ್ಲಿ ಕಂಡರೆ ಸಾಕು ಕೈಕೆಲಸ ಬಿಟ್ಟು ಓಡುತ್ತೇನೆ, ಆದರೂ ದಿನಾ ಬೆಳಿಗ್ಗೆ ರಂಗೋಲಿ ಡಬ್ಬಿ ಹಿಡಿದು ಹೊಸ್ತಿಲ ಮುಂದೆ ಕೂತರೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಗುತ್ತದೆ. ಕಾರಣ ಹೇಳುತ್ತೇನೆ. ಹೊಸ ಸೊಸೆ ಅಕ್ಕಿಯ ಸೇರನ್ನು ಬಲಗಾಲಿನಿಂದ ಚೆಲ್ಲಿ ಒಳಗೆ ಬರುವ ನಿಮ್ಮ ಕಾಲದ ಪದ್ಧತಿ ಈಗಲೂ ಇದೆ. ಮನೆ ಎಂಬುದು ಅಪರೂಪವಾದ ಮೇಲೆ ಅದಕ್ಕೆ ಇನ್ನೊಂದು ಸೇರಿಕೊಂಡಿದೆ. ಸೊಸೆಯಾದವಳು ತನ್ನ ತವರಿನ ಹೊಸ್ತಿಲಿನಿಂದ ಬೆರಳಗಲದ ಒಂದು ಮರದ ಚಕ್ಕೆ ತರುತ್ತಾಳೆ. ಗಂಡನ ಮನೆಯ ಹೊಸ್ತಿಲಿನಲ್ಲಿ ಅದಕ್ಕೆಂದೇ ಒಂದು ಕುಳಿ ಕೊರೆದಿರುತ್ತಾರೆ. ಅತ್ತೆ ಆ ಚಕ್ಕೆಯನ್ನು ಕುಳಿಯಲ್ಲಿ ಕೂರಿಸಿ ಅರಿಶಿನ ಹಚ್ಚಿದರೆ ಆಯಿತು, ಸೊಸೆ ಆ ಮನೆಯವಳಾದಳು. ಚಕ್ಕೆಯನ್ನು ಕೊಂಡು ತರುವಂತಿಲ್ಲ. "ಮಗಳೇ, ಒಳಗೆ ಬಾ" ಎಂದು ಕರೆದ ಮನೆಯವರೇ ತಮ್ಮ ಕೈಯಾರೆ ತೆಗೆದುಕೊಡಬೇಕು. ಮದುವೆಗೆ ತರಲಾಗದವಳಿಗೆ ಮೊದಲ ನಾಗರಪಂಚಮಿಯ ತನಕ ಸಮಯವಿರುತ್ತದೆ, ಹಬ್ಬಕ್ಕೆ ತವರಿಗೆ ಹೋದವಳು ತರಬೇಕು. ಆಗಲೂ ತರದಿದ್ದರೆ ಕುಳಿಗೆ ಸಿಮೆಂಟು ಮೆತ್ತುತ್ತಾರೆ. ಯಾರೂ ಹೊರಗೆ ಹಾಕುವುದಿಲ್ಲ, ಊಟಕ್ಕೆ ಕಡಿಮೆ ಮಾಡುವುದಿಲ್ಲ, ಆದರೆ ಅವಳು ಜೀವನಪೂರ್ತಿ ಆ ಮನೆಯ ಅತಿಥಿ. ಮನೆಯ ಮಾತುಕತೆಗೆ ಕೂತಾಗ ಅವಳನ್ನು ಯಾರೂ ಕೇಳುವುದಿಲ್ಲ.

ನನ್ನ ಕುಳಿಯಲ್ಲಿ ಸದ್ಯಕ್ಕೆ ಮೇಣ ತುಂಬಿದ್ದಾರೆ. ಅದರ ಪಕ್ಕದಲ್ಲೇ ನನ್ನ ನೆಗೆಣ್ಣಿ ಬಾಳವ್ವನ ಚಕ್ಕೆ. ಗುರುಪಾದನ ಅಣ್ಣನ ಹೆಂಡತಿ ಅವಳು. ಬೇವಿನ ಮರದ ಚಕ್ಕೆ, ನಾಲ್ಕು ತಲೆಮಾರಿನ ಕಾಲು ಸೋಕಿ ಕರ್ರಗೆ ಮಿರುಗುತ್ತದೆ. ಅದು ಎಲ್ಲಿಂದ ಬಂದದ್ದು ಗೊತ್ತೇ ಅಜ್ಜಿ? ಹುಬ್ಬಳ್ಳಿಯ ಗದಗ ರಸ್ತೆಯ ಸೂರು ಗೃಹನಿರ್ಮಾಣ ಸಂಘದ ಪೂರ್ವ ಸಾಲಿನಿಂದ! ನೀವು ಹೆಲ್ಮೆಟ್ ಹಾಕಿಕೊಂಡು ನೋಡಿ ಬಂದ ಆ ಅರ್ಧ ಎದ್ದ ಗೋಡೆಗಳ ಒಳಗೆ ಬಾಳವ್ವನ ಹಿರಿಯರು ಬಂದು ನೆಲೆಸಿದರು. ಅವಳು ಅಲ್ಲೇ ಹುಟ್ಟಿ, ಅಲ್ಲಿಂದಲೇ ಸೆರಗಿನಲ್ಲಿ ಚಕ್ಕೆ ಕಟ್ಟಿಕೊಂಡು ಬಂದಳು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಾಗಲ್ಲ, ಬಲು ಒಳ್ಳೆಯವಳು. ಮೊನ್ನೆ ರೊಟ್ಟಿ ಬಡಿಯುತ್ತಾ, "ಗೌರಾ, ಅಳಬ್ಯಾಡವಾ. ನಂದ ಅರ್ಧ ಸೀಳಿ ಕೊಡ್ತೀನಿ, ಅತ್ತೀಗೆ ಹೇಳೋದ ಬ್ಯಾಡ" ಎಂದಳು. ಒಲೆಯ ಹೊಗೆ ಎಂದು ನೆಪ ಹೇಳಿ ಹೊರಗೆ ಹೋದೆ. ನಮ್ಮದು ಹೊಗೆಯಿಲ್ಲದ ಒಲೆ. ಅವಳ ಅರ್ಧ ನನಗೆ ಬೇಡ ಅಜ್ಜಿ. ನನಗೆ ನನ್ನದು ಬೇಕು.

ನನ್ನ ತವರಿನಲ್ಲಿ ಹೊಸ್ತಿಲೇ ಇಲ್ಲ. ನಾನು ಹುಟ್ಟಿದ್ದು ಆ ಪೂರ್ವ ಸಾಲಿನ ಎದುರಿಗೆ, ಪಶ್ಚಿಮ ಸಾಲು ಏಳಬೇಕಿದ್ದ ಜಾಗದಲ್ಲಿ ಎದ್ದ ಮಾಲ್‌ನಲ್ಲಿ. ನೆಲಮಹಡಿಯ ಮೂಲೆ ಮಳಿಗೆ ನಮ್ಮ ಮನೆ. ವ್ಯಾಪಾರ ನಿಂತು ಎಷ್ಟೋ ದಶಕವಾಯಿತು. ಮನೆ ಸಿಗುತ್ತದೆಂದು ಕಾದು ಕಾದು ಸೋತವರ ಮಕ್ಕಳು ಮೊಮ್ಮಕ್ಕಳು ಒಂದೊಂದು ಅಂಗಡಿ ಹಿಡಿದು ಸಂಸಾರ ಹೂಡಿದ್ದಾರೆ. ನಿಂತುಹೋದ ಎಸ್ಕಲೇಟರಿನ ಮೆಟ್ಟಿಲ ಮೇಲೆ ನಾವು ಶಾಲೆಯ ಪಾಠ ಬಾಯಿಪಾಠ ಮಾಡಿದೆವು. ಮಧ್ಯದ ಗಾಜಿನ ಛಾವಣಿಯ ಕೆಳಗೆ ಬಿಸಿಲು ಬೀಳುವ ಜಾಗದಲ್ಲಿ ಹಪ್ಪಳ ಸಂಡಿಗೆ ಒಣಗುತ್ತವೆ, ಅದಕ್ಕೆ ಸರದಿ, ಸರದಿಗೆ ಜಗಳ. ಬಟ್ಟೆ ಹಾಕಿ ನೋಡುತ್ತಿದ್ದ ಸಣ್ಣ ಕೋಣೆಗಳೇ ನಮ್ಮ ಬಚ್ಚಲು. ಅಲ್ಲಿ ಕನ್ನಡಿಗಳು ಉಳಿದಿವೆ, ಬೇಡವೆಂದರೂ ನಮ್ಮ ಬೆನ್ನು ನಮಗೇ ಕಾಣುತ್ತದೆ. ಹೊರಗೋಡೆಗೆ ಕಿಟಕಿಯಿಲ್ಲ. ಬಾಗಿಲ ಬದಲು ಶಟರ್. ಎತ್ತಿದರೆ ಇಡೀ ಮನೆ ಬೀದಿಗೆ ಬಿದ್ದ ಹಾಗೆ, ಇಳಿಸಿದರೆ ಡಬ್ಬಿಯೊಳಗೆ ಕೂತ ಹಾಗೆ. ಒಳಗೂ ಹೊರಗೂ ಒಂದೇ ನುಣ್ಣನೆಯ ಟೈಲ್ಸು, ನಡುವೆ ದಾಟಲು ಏನೂ ಇಲ್ಲ. ಲಕ್ಷ್ಮೀಪೂಜೆಯ ದಿನ ಅವ್ವ ಶಟರ್ ಬೀಳುವ ಗೆರೆಯ ಮೇಲೆ ಸುಣ್ಣದಲ್ಲಿ ಒಂದು ಪಟ್ಟಿ ಎಳೆದು ಅರಿಶಿನ ಇಡುತ್ತಿದ್ದಳು. ಮಧ್ಯಾಹ್ನದೊಳಗೆ ಯಾರದೋ ಕಾಲಿಗೆ ಅಳಿಸಿಹೋಗುತ್ತಿತ್ತು.

ಅದೂ ಸಾಲದೆಂದು, ಆ ಮಾಲ್‌ನಲ್ಲಿ ನಮ್ಮನ್ನು ಕಂಡರೆ ಯಾರಿಗೂ ಆಗದು. ನಾವು ನಿಮ್ಮ ವಂಶದವರು ಎಂದು ಎಲ್ಲರಿಗೂ ಗೊತ್ತು. ನಳದ ಸಾಲಿನಲ್ಲಿ ಕೊಡ ಹಿಡಿದು ನಿಂತರೆ, "ಬಾರವಾ, ಮೊದಲ ನೀನ ತುಂಬ್ಕೋ. ನಿಮ್ಮಜ್ಜಿ ಕೊಟ್ಟ ಭಾಗ್ಯ ಅಲ್ಲೇನು ಇದು!" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಕೊಡ ಎತ್ತಿಕೊಂಡು ಸಾಲಿನ ಕೊನೆಗೆ ಹೋಗುತ್ತಿದ್ದೆ.

ಒಂದೇ ಒಂದು ಒಳ್ಳೆಯದು ಆ ಮಾಲ್‌ನಿಂದ ಆಯಿತು, ಅದು ಗುರುಪಾದ. ಅವನು ಕಿಂಡಿಗಾರ. ಉಸಿರುಕಟ್ಟುವ ಹಳೆಯ ಮಾಲ್‌ಗಳ ಗೋಡೆ ಕೊರೆದು ಕಿಟಕಿ ಮಾಡಿಕೊಡುವ ಕೆಲಸ. ನಮ್ಮ ಗೋಡೆಯ ಆಚೆಯಿಂದ ಕೊರೆದು, ಧೂಳು ಮೆತ್ತಿದ ಮುಖ ಒಳಗೆ ತೂರಿಸಿ, "ಅಕ್ಕಾರ, ನಿಮ್ಮ ಮನ್ಯಾಗ ಬಿಸಲು ಎಲ್ಲಿ ಇಡ್ಲಿ?" ಎಂದ. ನಾನು ಹಿಟ್ಟಿನ ಕೈಯಲ್ಲೇ ದೇವರ ಫೋಟೋ ತೋರಿಸಿದೆ. ಅಯ್ಯೋ, ಇದನ್ನೆಲ್ಲ ಬರೆಯುತ್ತಾ ಕೂತರೆ ಪತ್ರ ಮುಗಿಯುವುದಿಲ್ಲ!

ಈಗ ನಿಮ್ಮ ವಿಷಯ. ಈ ಪತ್ರ ನಿಮ್ಮ ಕೈ ಸೇರಿದ ಮರುದಿನ, ಅಂದರೆ ನಿಮಗೆ ನಾಳೆ, ಮಂಗಳವಾರ, ಆ ಸೂರು ಸಂಘದ ಸಭೆಯಿದೆ. ಹಮಾಲರು, ಗಿರಣಿಯವರು, ಆಟೋದವರು, ಮನೆಗೆಲಸದ ಹೆಂಗಸರು ಸೇರಿ ಕಟ್ಟಿಕೊಂಡ ಸಂಘ. ಮನೆಯಿಲ್ಲದವರ ಮನೆಗೆಂದೇ ಸರ್ಕಾರ ಕೊಟ್ಟ ಹಣ ಅದರ ಕೈಯಲ್ಲಿದೆ. ಪೂರ್ವ ಸಾಲಿಗೆ ಅರ್ಧ ಹೋಗಿದೆ, ಪಶ್ಚಿಮ ಸಾಲಿಗೆ ಅರ್ಧ ಉಳಿದಿದೆ. ಸಂಘದ ಅಧ್ಯಕ್ಷರು ನಿಮ್ಮನ್ನು ಕರೆಸಿದ್ದಾರೆ, ಏಕೆಂದರೆ ಪಶ್ಚಿಮ ಸಾಲಿನ ಜಾಗ ಮುಖ್ಯರಸ್ತೆಗೆ ಹತ್ತಿಕೊಂಡಿದೆ. ನೀವು ನಕ್ಷೆ ಬಿಡಿಸಿ ತೋರಿಸಿ ನಿಮ್ಮ ಸಿಹಿ ಮಾತಿನಲ್ಲಿ ಹೇಳುತ್ತೀರಿ: ಮೊದಲು ಮಳಿಗೆ ಕಟ್ಟೋಣ, ಬರುವ ಬಾಡಿಗೆಯಿಂದ ಆಮೇಲೆ ಮನೆ ಕಟ್ಟೋಣ, ಪೂರ್ವ ಸಾಲಿನ ಮನೆಗಿಂತ ದೊಡ್ಡ ಮನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಹಣ ಮನೆಗೆ ಬಿಟ್ಟು ಬೇರೆಯದಕ್ಕೆ ಹಾಕುವಂತಿಲ್ಲ ಎಂದು ನಿಮಗೂ ಗೊತ್ತು, ಅಧ್ಯಕ್ಷರಿಗೂ ಗೊತ್ತು. ನಾಲ್ಕು ದಿನದ ಮಾತು, ಬಾಡಿಗೆ ಬಂದ ಕೂಡಲೇ ವಾಪಸು ಇಟ್ಟರಾಯಿತು ಎಂದುಕೊಳ್ಳುತ್ತೀರಿ. ನಿಮ್ಮ ಕಮಿಷನ್ನಿಗೆ ಬದಲಾಗಿ ಮೂಲೆ ಮಳಿಗೆ ಬರೆದುಕೊಡುತ್ತಾರೆ. ಆ ಮಳಿಗೆಯಲ್ಲೇ ನಾನು ಹುಟ್ಟಿದೆ ಅಜ್ಜಿ.

ನಮ್ಮ ಮನೆಯ ಹೆಂಗಸರು ನಿಮ್ಮನ್ನು ಎಂದೂ ಕಳ್ಳಿ ಎಂದಿಲ್ಲ. ಅವಳು ನಂಬಿದ್ದಳು ಎನ್ನುತ್ತಾರೆ. ಖಾಲಿ ಅಂಗಡಿಯನ್ನು ನೀವು ಜೀವನದಲ್ಲಿ ಕಂಡಿರಲಿಲ್ಲ, ಮುಖ್ಯರಸ್ತೆ ಎಂದರೆ ಬಾಡಿಗೆ ಬಂದೇ ಬರುತ್ತದೆ ಎಂಬುದು ನಿಮಗೆ ಸೂರ್ಯ ಹುಟ್ಟಿದಷ್ಟೇ ಖಚಿತವಾಗಿತ್ತು. ನನಗೂ ಹಾಗೆಯೇ ಅನಿಸುತ್ತದೆ. ನಂಬಿಕೆಯಿಂದಲೇ ಮಾಡಿದಿರಿ. ಆದರೂ ನಳದ ಹತ್ತಿರ ನಿಂತವಳು ನಾನೇ ತಾನೇ?

ನಿಜ ಹೇಳಲೇ? ಬಾಳವ್ವನಿಗಿಂತ ನಿಮ್ಮ ಮೇಲೆಯೇ ನನಗೆ ಹೆಚ್ಚು ಹೊಟ್ಟೆಕಿಚ್ಚು. ನಿಮಗೆ ಹೊಸ್ತಿಲಿತ್ತು! ಹಳೇ ಹುಬ್ಬಳ್ಳಿಯ ಆ ಮನೆಯಲ್ಲಿ ಗೇಣೆತ್ತರದ ಸಾಗವಾನಿ ಹೊಸ್ತಿಲು, ಹಿತ್ತಾಳೆಯ ಹೂ ಬಡಿದದ್ದು. ಅದರ ಮೇಲೆ ಕೂತರೆ ನಿಮ್ಮವ್ವ ಬೈಯುತ್ತಿದ್ದರಂತೆ, "ಹೊಸ್ತಿಲ ಮ್ಯಾಲ ಕುಂಡ್ರಬ್ಯಾಡ, ಸಾಲ ಆಗ್ತದ." ಹಾಗೆ ಬೈಸಿಕೊಳ್ಳುವ ಭಾಗ್ಯವೂ ನನಗಿರಲಿಲ್ಲ. ನೀವು ದಿನಾ ಮೊಬೈಲು ಕಿವಿಗಿಟ್ಟುಕೊಂಡು, ಚಪ್ಪಲಿ ಕಾಲಲ್ಲೇ, ಒಮ್ಮೆಯೂ ಕೆಳಗೆ ನೋಡದೆ ಅದನ್ನು ದಾಟುತ್ತೀರಿ. ನಾಳೆ ಬೆಳಿಗ್ಗೆ ಒಮ್ಮೆ ನೋಡಿ. ದಯವಿಟ್ಟು ಒಮ್ಮೆ ನಿಂತು ನೋಡಿ. ರಸ್ತೆ ಅಗಲ ಮಾಡುವಾಗ ಆ ಮನೆ ಮುಂದೊಂದು ದಿನ ಕೆಡವಲ್ಪಡುತ್ತದೆ, ನಮಗೆ ಅದರ ಒಂದು ಚೂರೂ ಉಳಿಯುವುದಿಲ್ಲ.

ಆಮೇಲೆ ಸಭೆಗೆ ಹೋಗಿ, ಹಿಂದುಮುಂದಾಗಿ ಹೇಳಿ. ಮೊದಲು ಮನೆ ಎನ್ನಿ. ಈ ಹಣ ಮನೆಯದು, ಮಳಿಗೆಗೆಂದು ಮುಟ್ಟಬೇಡಿ ಎನ್ನಿ. ನಿಮ್ಮ ಮಾತಿಗೆ ಅಷ್ಟು ಜನ ಚಪ್ಪಾಳೆ ತಟ್ಟುವುದಾದರೆ ಇದಕ್ಕೂ ತಟ್ಟಿಯಾರು. ಮೂಲೆ ಮಳಿಗೆ ಹೋಗಲಿ. ಪಶ್ಚಿಮ ಸಾಲು ಎದ್ದರೆ ಅದರಲ್ಲಿ ನಮಗೆ ಮನೆಯಿರುವುದಿಲ್ಲ, ಅದು ನನಗೆ ಗೊತ್ತು. ಅವು ಹಮಾಲರ ಮನೆಗಳು, ನಮ್ಮವಲ್ಲ. ಮೊದಮೊದಲು ಈ ಮಾತಿಗೇ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಎಲ್ಲರಿಗೂ ಹೊಸ್ತಿಲು ಸಿಕ್ಕಿ ನಮಗೆ ಮಾತ್ರ ಸಿಗದೆ ಹೋದರೆ? ಆದರೆ ಚಕ್ಕೆ ತರಲು ಸ್ವಂತ ಮನೆ ಬೇಕಿಲ್ಲವಲ್ಲ ಅಜ್ಜಿ. ಆ ಸಾಲಿನಲ್ಲಿ ಯಾವುದಾದರೂ ಒಂದು ಬಾಗಿಲ ಮುಂದೆ ನಿಂತು ನಾನು ಶಿವಲೀಲಾಬಾಯಿಯ ಮೊಮ್ಮಗಳ ಮೊಮ್ಮಗಳು ಎಂದಾಗ, ಒಳಗಿನಿಂದ ಯಾರಾದರೂ "ಮಗಳೇ, ಒಳಗೆ ಬಾ" ಎಂದರೆ ಸಾಕು. ಈಗ ಆ ಹೆಸರು ಹೇಳಿದರೆ ಶಟರ್ ಎಳೆಯುತ್ತಾರೆ.

ಒಂದು ಭಯವಿದೆ. ಮಾಲ್ ಇಲ್ಲದಿದ್ದರೆ ಗೋಡೆಯಿಲ್ಲ, ಗೋಡೆಯಿಲ್ಲದಿದ್ದರೆ ಕಿಂಡಿಯಿಲ್ಲ, ಆಗ ಗುರುಪಾದ? ಹಿಂದಂಚೆಯ ಕಚೇರಿಯಲ್ಲಿ ಕೇಳಿದೆ. ಜನ ಅಳಿಸಿಹೋಗುವುದಿಲ್ಲವಂತೆ, ಗೋಡೆಗಳು ಮಾತ್ರ ಜರುಗುತ್ತವಂತೆ, ಜರುಗಿತೋ ಇಲ್ಲವೋ ಕಣ್ಣಾರೆ ಹೋಗಿ ನೋಡುವವರೆಗೆ ತಿಳಿಯುವುದಿಲ್ಲವಂತೆ. ಅಲ್ಲಿಯ ಹೆಂಗಸು ಇದನ್ನು ಆಕಳಿಸುತ್ತಾ ಹೇಳಿದಳು. ಮನೆಗೆ ಬಂದು ಗುರುಪಾದನಿಗೆ ಪತ್ರ ಬೇಡ, ಮೇಣವೇ ಇರಲಿ ಎಂದೆ. ಅವನು ಹಾರೆ ಒರೆಸುತ್ತಾ, "ಹುಚ್ಚಿ, ಶಟರ್ ಇಲ್ಲಂದ್ರ ಏನಾತು? ಬಾಗಿಲಾ ಬಡದ ಬರ್ತೀನಿ" ಎಂದ. ಆ ಮಾತಿನ ಬಲದ ಮೇಲೆ ಇದನ್ನು ಬರೆದು ಮುಗಿಸಿದ್ದೇನೆ.

ನಿಮ್ಮ ಪುಟ್ಟ ಮಗಳ ಹಣೆಗೆ ನನ್ನದೊಂದು ಮುತ್ತು ಕೊಡಿ. ಅವಳು ನನ್ನ ಅವ್ವನ ಅಜ್ಜಿ, ನೋಡಲು ಥೇಟ್ ನನ್ನ ಹಾಗೆಯೇ ಇದ್ದಾಳಂತೆ! ನೀವು ಏನು ಹೇಳಿದಿರಿ ಎಂದು ನಿಮ್ಮಿಂದ ನನಗೆ ಪತ್ರ ಬರುವುದಿಲ್ಲ, ಆದ್ದರಿಂದ ನಾನೇ ನಮ್ಮ ಕಾಲದ ಹುಬ್ಬಳ್ಳಿಗೆ ಬಂದು ಗೋಡೆ ಜರುಗಿದೆಯೋ ಇಲ್ಲವೋ ನೋಡುತ್ತೇನೆ. ಅತ್ತೆ ಬುತ್ತಿಗೆ ಎಳ್ಳುಂಡೆ ಕಟ್ಟಿಕೊಡುತ್ತೇನೆ ಎಂದಿದ್ದಾರೆ, ಗುರುಪಾದ ತನ್ನ ಸಣ್ಣ ಉಳಿಯನ್ನು ಕೊಡುತ್ತಾನೆ, ಬಾಳವ್ವ ಚಕ್ಕೆ ಸುತ್ತಿ ತರಲೆಂದು ತನ್ನ ರೇಷ್ಮೆ ಕರವಸ್ತ್ರ ಈಗಲೇ ಕೊಟ್ಟುಬಿಟ್ಟಿದ್ದಾಳೆ. ಕಿಟಕಿಯ ಪಕ್ಕದ ಸೀಟು ಹಿಡಿದಿದ್ದೇನೆ, ಊರು ಹತ್ತಿರವಾದಾಗ ಗದಗ ರಸ್ತೆಯ ಆ ಜಾಗ ಅಲ್ಲಿಂದಲೇ ಕಾಣುತ್ತದೆ. ನಾಗಚೌತಿಯ ದಿನ, ಶ್ರಾವಣದ ಮೊದಲ ಸೋಮವಾರ, ಗದಗದ ಮೇಲಿಂದ ಬರುವ ಬಾಗಲಕೋಟೆ–ಹುಬ್ಬಳ್ಳಿ ಬೆಳಗಿನ ಪ್ಯಾಸೆಂಜರಿಗೆ ಬರುತ್ತಿದ್ದೇನೆ.

ನಿಮ್ಮ
ಗೌರಾ