ಕಬ್ಬಿಣವನ್ನೂ ಕೇಳಿಸಿಕೊಳ್ಳುವ ಮೆಷೀನು

ಅಪ್ಪಾ, ಮೋಟಾರಿಗೆ ತಂತಿ ಸುತ್ತುವ ನನ್ನ ಅಪ್ಪಾ,

ನಾನು ಸುಮ, ನಿನ್ನ ಕಾನ್ವೆಂಟ್ ಮಗಳು. ನನಗೆ ಮದುವೆಯಾಯಿತು ಅಪ್ಪಾ! ಮಾಘದಲ್ಲಿ, ನಮ್ಮ ಕೆ.ಆರ್. ನಗರದಲ್ಲೇ. ಹುಡುಗನ ಹೆಸರು ಮಾದೇಶ. ಊರು ಎಚ್.ಡಿ. ಕೋಟೆ ಕಡೆಯ ಬೀಚನಹಳ್ಳಿ, ಅಣೆಕಟ್ಟೆಯಲ್ಲಿ ಕೆಲಸ. ಎತ್ತರ ಇದ್ದಾರೆ, ನಕ್ಕರೆ ಒಂದು ಕಣ್ಣು ಮುಚ್ಚಿಹೋಗುತ್ತದೆ, ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾರೆ. ಹೌದು, ಅಡುಗೆ ಮಾಡುತ್ತಾರೆ! ಇನ್ನೂ ಎಷ್ಟೋ ಹೇಳಬೇಕು. ಆದರೆ ಅದಕ್ಕೂ ಮುಂಚೆ ಒಂದು ವಿಷಯ. ನಿನ್ನ ಉಂಗುರ ಹೊಳೆಗೆ ಬಿತ್ತು. ಗಾಬರಿಯಾಗಬೇಡ, ಪೂರ್ತಿ ಓದು.

ನಿನ್ನ ಅಂಗಡಿಯ ಬಾಗಿಲಲ್ಲಿದ್ದ ಆ ಕಪ್ಪು ಬಕೆಟ್ ನೆನಪಿದೆಯಾ? ಸುಟ್ಟ ಪಂಪ್‌ಸೆಟ್ ಮೋಟಾರುಗಳ ನಡುವೆ ಕೂತು ನೀನು ತಾಮ್ರದ ತಂತಿ ಸುತ್ತುತ್ತಿದ್ದೆ. ಸ್ಕೂಲು ಮುಗಿಸಿ ಬಂದ ನಾನು ಕಾಟ ಕೊಟ್ಟರೆ, ಆ ಬಕೆಟ್ಟಿನ ಕದಡಿದ ನೀರಿಗೆ ಒಂದು ವಾಷರ್ ಎಸೆದು ಹುಡುಕಲು ಹೇಳುತ್ತಿದ್ದೆ. "ನೀರೊಳಗೆ ಕಣ್ಣ ನಂಬ್ಬ್ಯಾಡ ಕಣವ್ವ, ಬೆರಳ ನಂಬು. ನಾಳೆ ನಿನ್ನ ಮದ್ವೇಲಿ ನೀರಿನ ಕೊಡಕ್ಕೆ ಉಂಗ್ರ ಹಾಕೋನು ನಾನು. ಮೂರು ಸಲಾನೂ ನೀನೇ ಗೆಲ್ಬೇಕು. ಸೋತ್ರೆ ಅಳಿಯನ ಕೈಲಿ ಜೀವ್ನಾ ಪೂರ್ತಿ ಬೋಯ್ಸ್ಕೊತೀಯ!" ಅಂತ ನಗುತ್ತಿದ್ದೆ. ನೀರಿಗೆ ಅದ್ದಿದ ನನ್ನ ಯೂನಿಫಾರಂ ತೋಳು ನೋಡಿ ಅವ್ವ ಬೈದರೆ, ಬೈಗುಳಕ್ಕೂ ನೀನೇ ಸಿಕ್ಕುತ್ತಿದ್ದೆ.

ಮದುವೆಯ ದಿನ ಉಂಗುರ ಹುಡುಕುವ ಶಾಸ್ತ್ರಕ್ಕೆ ಎಲ್ಲರೂ ಚಿನ್ನದ ಉಂಗುರ ಎಲ್ಲಿ ಅಂತ ಕೇಳುತ್ತಿದ್ದರು. ಅವ್ವ ಸೆರಗಿನ ಗಂಟು ಬಿಚ್ಚಿ, ನೀನು ಹೋದ ಮೇಲೆ ಜೋಪಾನ ಮಾಡಿದ್ದ ನಿನ್ನ ಕಬ್ಬಿಣದ ಉಂಗುರ ತೆಗೆದಳು. ತಾತನ ಜಟಕಾ ಎಳೆದ ಕೊನೆಯ ಕುದುರೆಯ ಲಾಳದಿಂದ ಮಾಡಿಸಿದ್ದೆಯಲ್ಲ, ಅದೇ. "ಚಿನ್ನ ಯಾರ ಬೇಕಾದ್ರೂ ಹಾಕ್ಕೊತಾರೆ, ಕುದ್ರೆ ಓಡಿದ ಕಬ್ಬಿಣ ಯಾರತ್ರ ಅದೆ?" ಅಂತ ನೀನು ಜಂಬ ಕೊಚ್ಚಿಕೊಳ್ಳುತ್ತಿದ್ದ ಉಂಗುರ. ಅವ್ವ ಅದನ್ನು ಅರಿಶಿನದ ನೀರಿಗೆ ಹಾಕಿದಾಗ ಟಣ್ ಅಂತ ಸದ್ದಾಯಿತು. ನೀನು ಬಂದೆ ಅಂದುಕೊಂಡೆ. ಮೊದಲನೇ ಸಲ ನಾನು ಗೆದ್ದೆ. ಎರಡನೇ ಸಲ ಅವರು. ಮೂರನೇ ಸಲ ಕೈ ಹಾಕುವ ಮುಂಚೆಯೇ ಅವ್ವ ಅಳಲು ಶುರುಮಾಡಿದಳು, ನಾನೂ ಅತ್ತುಬಿಟ್ಟೆ, ಇಡೀ ಛತ್ರವೇ... ಆಟ ಅಲ್ಲಿಗೇ ನಿಂತಿತು.

ಆಗ ಮುಂದೆ ಬಂದವಳು ನಿನ್ನ ತಂಗಿ, ನಮ್ಮ ಚಿಕ್ಕತಾಯಮ್ಮತ್ತೆ. ಅವ್ವ ತೊಡಿಸಿದ ಉಂಗುರ ಮಾದೇಶ ಅವರ ಬೆರಳಿಗೆ ಸಡಿಲವಾಗಿತ್ತು. "ಎಲ್ಲಾರ ಬಿದ್ದೋದಾತು, ತತ್ತಾ ಇಲ್ಲಿ, ಕಂಕಣಕ್ಕೇ ಕಟ್ಬುಡ್ತೀನಿ. ನಾನು ಕಟ್ಟಿದ್ರೆ ಯಮ ಬಂದ್ರೂ ಬಿಚ್ಚಾಕಾಗಲ್ಲ!" ಅಂತ ಅವರ ಕೈಯಲ್ಲಿದ್ದ ಕಂಕಣದ ದಾರಕ್ಕೆ ಸೇರಿಸಿ ಬಿಗಿಯಾಗಿ ಕಟ್ಟಿದಳು. ಮದುವೆಯ ಓಡಾಟವೆಲ್ಲ ಮುಗಿದ ಮೇಲೆ ಎಡತೊರೆ ಹೊಳೆಯಲ್ಲಿ ಬಾಸಿಂಗ, ಕಂಕಣ ಬಿಡುವ ಶಾಸ್ತ್ರ. ನಾವಿಬ್ಬರೂ ಸೋಪಾನದ ಮೇಲೆ ಯಾವುದೋ ಮಾತಿಗೆ ಬಿದ್ದುಬಿದ್ದು ನಗುತ್ತಿದ್ದೆವು. ಅತ್ತೆಯೇ ಕಂಕಣ ಕತ್ತರಿಸಿ, ಹೂವಿನ ಜೊತೆ ಹಿಡಿದು, ನೀರಿಗಿಳಿದು, ಕೈ ಮುಗಿದು ಬಿಟ್ಟುಬಿಟ್ಟಳು. ಅದರಲ್ಲಿ ಉಂಗುರ ಇದ್ದದ್ದು ಯಾರಿಗೂ ನೆನಪಾಗಲಿಲ್ಲ. ಮನೆಗೆ ಬಂದು ಅವ್ವ "ಅವರುಂಗ್ರ ಎಲ್ಲಮ್ಮಾ?" ಅಂದಾಗ ಅತ್ತೆ ತನ್ನ ಬರಿಗೈಯನ್ನೇ ನೋಡಿಕೊಂಡಳು. "ನಮ್ಮಣ್ಣನ್ನ ನನ್ನ ಕೈಯಾರೆ ಹೊಳೆಗೆ ಬುಟ್ಬುಟ್ನಲ್ಲವ್ವಾ" ಅಂದದ್ದೇ ಕೊನೆ. ಅವತ್ತಿನಿಂದ ನಮ್ಮ ಮನೆ ಹೊಸಿಲು ದಾಟಲಿಲ್ಲ ಅಪ್ಪಾ. ಕರೆದರೆ ಜಗಲಿಯವರೆಗೆ ಬರುವಳು. ಕಾಫಿ ಕೊಟ್ಟರೆ, ಈಗ ತಾನೇ ಕುಡಿದೆ ಅನ್ನುವಳು. ನಿನ್ನ ತಂಗಿ ಯಾವತ್ತಾದರೂ ಕಾಫಿ ಬೇಡ ಅಂದಿದ್ದುಂಟಾ?

ಒಂದು ಸಂಜೆ ಬೀಚನಹಳ್ಳಿಯಲ್ಲಿ ನಾನು ಇದನ್ನೇ ಹೇಳಿಕೊಂಡು ಮೂಗು ಒರೆಸುತ್ತಿದ್ದೆ. ನಮ್ಮ ಹೊಲದ ಪಕ್ಕ ಶುಂಠಿ ಹಾಕಿರುವ ಕಣ್ಣೂರಿನ ಜೋಸಣ್ಣ ಬಂದಿದ್ದರು. "ಅಳುವುದು ಯಾಕೆ ಪೆಂಗಳೇ? ಲೋಹ ಅಲ್ಲವಾ? ಲೋಹಕ್ಕೆ ಮೆಷೀನ್ ಉಂಟಲ್ಲ!" ಅಂದರು. ಜೋಸಣ್ಣನಿಗೆ ನಾನು ತಂಗಿ, ಅದಕ್ಕೇ ಪೆಂಗಳೇ. ಗಲ್ಫಿನಲ್ಲಿದ್ದಾಗ ಸಮುದ್ರದ ದಂಡೆಯಲ್ಲಿ ಕಳೆದುಹೋದ ಸರ, ನಾಣ್ಯ ಹುಡುಕುವ ಹುಚ್ಚು ಹತ್ತಿತ್ತಂತೆ. ಅಲ್ಲಿಂದ ತಂದ ಎರಡು ಮೆಟಲ್ ಡಿಟೆಕ್ಟರ್ ಕಣ್ಣೂರಿನ ಮನೆಯಲ್ಲಿದ್ದವು. ಬಂದು ನೋಡಿ, ಯಾವುದು ಸರಿಹೋಗುತ್ತದೋ ಒಯ್ಯಿರಿ ಅಂದರು. ನಾನು ಕುಣಿದುಬಿಟ್ಟೆ. ಮುಂಗಾರಿನ ಹೊಸ ನೀರು ಬಂದರೆ ಉಂಗುರ ಎಲ್ಲಿಗೆ ಹೋಗುವುದೋ, ಅದಕ್ಕೆ ಮೊದಲು ಸಿಗಬೇಕಿತ್ತು. ನಮ್ಮ ಹನಿಮೂನ್ ಎಲ್ಲಿಗೆ ಅಂತ ಈಗ ಗೊತ್ತಾಯಿತಾ?

ಪ್ರತಿ ಬೇಸಿಗೆಯೂ ನೀನು ಕಣ್ಣೂರಿಗೆ ಕರೆದುಕೊಂಡು ಹೋಗಿ ಸಮುದ್ರ ತೋರಿಸುತ್ತೇನೆ ಅನ್ನುತ್ತಿದ್ದೆ. ಪ್ರತಿ ಬೇಸಿಗೆಯೂ ರೈತರ ಮೋಟಾರುಗಳು ಸುಟ್ಟುಹೋಗುತ್ತಿದ್ದವು. ಹೋದೆ ಅಪ್ಪಾ, ನೋಡಿದೆ. ಹುಣಸೂರು ದಾಟಿ, ಪಿರಿಯಾಪಟ್ಟಣ ದಾಟಿ, ಘಟ್ಟ ಇಳಿದು, ವಾಂತಿಗೆ ಅಂತ ಎರಡು ಸಲ ಬಸ್ ನಿಲ್ಲಿಸಿ! ಮೊದಲ ಅಲೆ ಕಾಲಿಗೆ ತಾಗಿದಾಗ ನನಗೇ ಗೊತ್ತಿಲ್ಲದೆ ಪಕ್ಕಕ್ಕೆ ತಿರುಗಿ "ಅಪ್ಪಾ!" ಅಂದೆ. ಪಕ್ಕದಲ್ಲಿ ಇವರಿದ್ದರು. ನಗಲಿಲ್ಲ. "ಹೂಂ" ಅಂದರು, ನಿನ್ನ ಪರವಾಗಿ. ನಾನು ಇವರನ್ನು ಯಾಕೆ ಇಷ್ಟು ಇಷ್ಟಪಡುತ್ತೇನೆ ಅಂತ ನೀನು ಕೇಳಿದರೆ, ಆ ಒಂದು ಹೂಂ ಸಾಕು.

ಜೋಸಣ್ಣ ಎರಡೂ ಮೆಷೀನುಗಳನ್ನು ಮರಳಿನ ಮೇಲಿಟ್ಟಾಗ ನೀನು ಇರಬೇಕಿತ್ತು. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆ, ತಟ್ಟೆಯೊಳಗೆ ಏನು ಹೇಳು? ತಂತಿಯ ಸುತ್ತು! ನೀನು ಜೀವನಪೂರ್ತಿ ಸುತ್ತಿದ ಅದೇ ಕಾಯಿಲ್. ಮೊದಲನೆಯದು ಹಗುರ, ಪುಟ್ಟ ಪರದೆ ಬೇರೆ. ಒಣ ಮರಳಿನಲ್ಲಿ ಬಲು ಜಾಣ. ಚಿನ್ನ ಬೆಳ್ಳಿಗೆ ಒಂದು ದನಿ, ಕಬ್ಬಿಣವಾದರೆ ಮೌನ. ಆದರೆ ಉಪ್ಪುನೀರಲ್ಲಿ ನೆಂದ ಮರಳಿಗೆ ಬಂದರೆ ಏನೂ ಇಲ್ಲದೆಯೂ ಕಿರುಚುತ್ತದೆ. ನೀರಿಗೆ ತಟ್ಟೆಯನ್ನಷ್ಟೇ ಇಳಿಸಬಹುದು, ಮೇಲಿನ ಪೆಟ್ಟಿಗೆ ನೆನೆದರೆ ಕೆಟ್ಟಿತು. ಎರಡನೆಯದು ದಪ್ಪ, ಭಾರ, ಹಳದಿ. ಪೂರ್ತಿ ಮುಳುಗಿಸಬಹುದು. ಕರೆಂಟನ್ನು ಥಟ್ಟಂತ ಕೊಟ್ಟು ಥಟ್ಟಂತ ನಿಲ್ಲಿಸಿ, ಒಳಗಿನ ಲೋಹ ಏನು ಉತ್ತರ ಕೊಡುತ್ತದೆ ಅಂತ ಕಿವಿಗೊಡುವುದು ಅದರ ರೀತಿ. ಉಪ್ಪಿಗೆ ಜಗ್ಗುವುದಿಲ್ಲ, ಆದರೆ ಚಿನ್ನ, ಮೊಳೆ, ಸೋಡಾ ಮುಚ್ಚಳ ಎಲ್ಲಕ್ಕೂ ಒಂದೇ ಹಾಡು.

ಜೋಸಣ್ಣ ಹಗುರವಾದದ್ದನ್ನೇ ನನ್ನ ಕೈಗೆ ಕೊಟ್ಟರು. "ನಿಮ್ಮದು ಸಿಹಿನೀರು, ಇದೇ ಸಾಕು. ಕಬ್ಬಿಣದ ಕಸ ಎಲ್ಲ ಬಿಟ್ಟುಬಿಡುತ್ತದೆ, ಬೆನ್ನು ಉಳಿಯುತ್ತದೆ."

"ಉಂಗುರವೇ ಕಬ್ಬಿಣದ್ದು ಜೋಸಣ್ಣ."

ಅವರು ನನ್ನ ಮುಖ ನೋಡಿದರು, ಇವರ ಮುಖ ನೋಡಿದರು. "ಕಬ್ಬಿಣ ಬೇಡ ಅಂತ ತಾನೇ ಜನ ಈ ಮೆಷೀನ್ ತೆಗೆದುಕೊಳ್ಳುವುದು! ಕಬ್ಬಿಣಕ್ಕಾಗಿ ಬಸ್ಸಲ್ಲಿ ವಾಂತಿ ಮಾಡಿಕೊಂಡು ಬಂದವರು ನೀವೇ ಮೊದಲು!"

"ಆ ಗುಣ ಆಫ್ ಮಾಡಾಕಾಗಲ್ವಾ?" ಅಂತ ಇವರು ಕೇಳಿದರು. ಆಗುತ್ತದಂತೆ. ಆದರೆ ಅತ್ತೆ ಕಂಕಣ ಬಿಟ್ಟ ಜಾಗ ಮರಳು ತೆಗೆದ ಗುಂಡಿ, ಬೇಸಿಗೆಯಲ್ಲೂ ಸೊಂಟದವರೆಗೆ ನೀರು. ಪೆಟ್ಟಿಗೆ ನೆನೆಯದೆ ಇರುತ್ತದಾ? ನಿನ್ನ ಅಂಗಡಿಯ ಡಬ್ಬದಿಂದ ತಂದಿದ್ದ ವಾಷರನ್ನು ನಾನು ಒಣ ಮರಳಲ್ಲಿ ಹೂತೆ. ಹಗುರವಾದದ್ದು ಅದರ ಮೇಲೆಯೇ ಸುಮ್ಮನೆ ಹಾದುಹೋಯಿತು. ಹಳದಿಯದನ್ನು ಇವರು ಆಡಿಸಿದರು. ಹಾಡಿತು! ಪಕ್ಕದಲ್ಲೇ ನಿಂತಿದ್ದ ನಾನು ಅಗೆದೆ, ಏನೂ ಇಲ್ಲ. ಮತ್ತೆ ಹಾಡಿತು, ಮತ್ತೆ ಅಗೆದೆ, ಏನೂ ಇಲ್ಲ. ಜೋಸಣ್ಣ ಮರಳಲ್ಲಿ ಕೂತು ನಗುತ್ತಿದ್ದರು. "ಪೆಂಗಳೇ, ಅದು ನಿಮ್ಮ ಕಾಲುಂಗುರಕ್ಕೆ ಹಾಡುವುದು!" ತೆಗೆದಿಡಿ ಅಂದರು. ಮದುವೆಯಾಗಿ ಇನ್ನೂ ಅರಿಶಿನ ಆರಿಲ್ಲ, ಕಾಲುಂಗುರ ತೆಗೆಯುತ್ತೇನಾ? ದೂರ ಹೋಗಿ ನಿಂತೆ. ಆಗ ವಾಷರ್ ಸಿಕ್ಕಿತು. ನಾನು ಹಳದಿ ಮೆಷೀನನ್ನು ತಬ್ಬಿಕೊಂಡೆ. ಯಾವುದನ್ನೂ ಕಸ ಅನ್ನದ ಮೆಷೀನು. ನಿನ್ನ ಹಾಗೇ ಅಲ್ಲವಾ?

ಎಡತೊರೆಗೆ ಬಂದ ದಿನ ಅತ್ತೆಯನ್ನು ಹೊರಡಿಸುವುದೇ ಸಾಹಸವಾಯಿತು. "ಹೊಳೆಗೆ ಬುಟ್ಟದ್ದ ವಾಪಸ್ ಕೇಳಬಾರ್ದು ಕಣವ್ವ."

"ನೀನು ಬಿಟ್ಟದ್ದು ಕಂಕಣ ಅತ್ತೆ. ಉಂಗುರ ಬಿಟ್ಟಿಲ್ಲ, ಅದು ತಾನಾಗೇ ಜೊತೆಗೆ ಹೋದದ್ದು."

ಅತ್ತೆ ತಂಬಿಗೆ ಹಿಡಿದು ಎದ್ದು ಬಂದಳು. ಜಾಗ ತೋರಿಸಲು ನೀರಿಗಿಳಿದರೆ ಮೆಷೀನು ಅವಳ ಕಾಲಿಗೂ ಹಾಡಿತು. "ಥೂ, ಇದರ ಮನೆ ಹಾಳಾಗ! ಮುತ್ತೈದೆ ಕಾಲ ಮೂಸ್ತದಲ್ಲ!" ಎಷ್ಟು ದಿನಕ್ಕೆ ಅವಳ ಬಾಯಲ್ಲಿ ಬೈಗುಳ ಕೇಳಿದೆ! ಅವಳೂ ನಾನೂ ಸೋಪಾನದ ಮೇಲೆ ಕೂತೆವು. ಇವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನೀರಲ್ಲಿ ನಿಂತರು. ಹೊಳೆಯ ತಳವೆಲ್ಲ ಹಾಡು ಅಪ್ಪಾ. ಮೊಳೆ, ಪಿನ್ನು, ಮುರಿದ ಬ್ಲೇಡು, ಯಾರೋ ಹರಕೆಗೆ ಎಸೆದ ನಾಣ್ಯ. ನಾಣ್ಯಗಳನ್ನು ಹೊಳೆಗೇ ಬಿಟ್ಟೆವು, ಮೊಳೆ ಬ್ಲೇಡು ದಡಕ್ಕೆ ತಂದೆವು. ಬಿಸಿಲೇರಿತು. ಇವರ ಬೆನ್ನು ಸುಟ್ಟು ಕೆಂಪಾಯಿತು. ಸಾಕು ಬನ್ನಿ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ತೂತಿನ ಸೌಟಿನಂಥ ಸನಿಕೆಯನ್ನು ಮೇಲೆತ್ತಿ ಅಲ್ಲಾಡಿಸಿದರು. ಮರಳು ಸೋರಿತು. ಆಮೇಲೆ ಅವರು ಅಲ್ಲಾಡಲಿಲ್ಲ. ಒಂದು ಕಣ್ಣು ಮುಚ್ಚಿಹೋಯಿತು.

ಕೆಂಪು ತುಕ್ಕು ಹಿಡಿದಿತ್ತು ಅಪ್ಪಾ, ದಾರದ ಚೂರು ಇನ್ನೂ ಅಂಟಿತ್ತು. ಅತ್ತೆ ಹಾಕಿದ ಗಂಟು ನಿಜಕ್ಕೂ ಬಿಚ್ಚಿರಲಿಲ್ಲ! ನಾನು ಕೈ ಚಾಚಿದರೆ ಇವರು ಕೊಡಲಿಲ್ಲ. ಅತ್ತೆಯ ತಂಬಿಗೆಗೆ ಕದಡಿದ ಹೊಳೆ ನೀರು ತುಂಬಿ ಅವಳ ಕೈಗಿಟ್ಟರು. "ಅತ್ತೆ, ಮೂರನೇ ಸಲ ಬಾಕಿ ಐತೆ. ನೀವೇ ಹಾಕಿ."

ಅತ್ತೆ ಉಂಗುರ ಕಣ್ಣಿಗೊತ್ತಿಕೊಂಡಳು. ಹಾಕಿದಳು. ಟಣ್! "ಹೂಂ, ಉಡುಕ್ರಪ್ಪಾ" ಅಂದಳು, ಅಳುತ್ತಾ. ನಾನು ಕಣ್ಣು ಮುಚ್ಚಿಕೊಂಡೆ. ಬೆರಳ ನಂಬು ಅಂದೆಯಲ್ಲ? ನಂಬಿದೆ. ತಂಬಿಗೆಯ ಕಿರಿದಾದ ಬಾಯೊಳಗೆ ಇವರ ಬೆರಳು, ನನ್ನ ಬೆರಳು, ನಡುವೆ ಒರಟಾಗಿ ಏನೋ ಒಂದು. ಅದೊಂದು ಕ್ಷಣ ನಿನ್ನ ಕೈಯೂ ಅಲ್ಲಿತ್ತು ಅನಿಸಿತು, ಆಮೇಲೆ...

ಅತ್ತೆ ಅವತ್ತು ನೇರವಾಗಿ ನಮ್ಮ ಅಡುಗೆಮನೆಗೇ ನುಗ್ಗಿ ಕಾಫಿ ಕುಡಿದಳು. ಉಂಗುರ ಕೊಡಲು ಹೋದರೆ, "ಇನ್ನ ನಾನು ಎಲ್ಲೂ ಕಟ್ಟಾಕಿಲ್ಲ ಕಣವ್ವ, ನೀನೇ ಮಡೀಕೊ" ಅಂದಳು. ಮಡಗಿಕೊಂಡಿದ್ದೇನೆ. ತುಕ್ಕು ಉಜ್ಜಿಲ್ಲ.

ಅಪ್ಪಾ, ನೀನು ಕೇಳದೆ ಹೋದ ಸುದ್ದಿ ಇಷ್ಟೇ: ಮೂರನೇ ಸಲ ನಾನೇ ಗೆದ್ದೆ.

ನಿನ್ನ ಸುಮ